ಸ್ಯಾಪರ್ ಸಂಘಕ್ಕೆ ಅಪ್ಪನನ್ನು ಸೇರಿಸಬೇಕೆ? ಅನುಭವವಿದ್ದವರು ತಿಳಿಸಿ

ನಮ್ಮ ತಂದೆ ಬೆಂಗಳೂರಿನ ಎಂಇಜಿಯಿಂದ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಿಂದ, ಹವಾಲ್ದಾರರಾಗಿ ನಿವೃತ್ತರಾದವರು. ತಮ್ಮ ಈಗ ಅಲ್ಲಿಯೇ ಸೇವೆಯಲ್ಲಿದ್ದಾನೆ. ಸ್ಯಾಪರ್‌ಗಳ, ಅಂದರೆ ಸೇನೆಯ ಎಂಜಿನಿಯರ್ ದಳದ ಸೈನಿಕರ, ಸಂಘಕ್ಕೆ ಇಬ್ಬರೂ ಸೇರಲಿ ಎಂದು ಅಪ್ಪನ ಜೊತೆಗಾರರು ಹೇಳುತ್ತಿದ್ದಾರೆ. ಅಪ್ಪ ಮಾತ್ರ "ಪಿಂಚಣಿ ಬರುತ್ತಿದೆ, ಇನ್ನೇನು ಬೇಕು" ಎನ್ನುತ್ತಾರೆ. ನಿಮ್ಮ ಅನುಭವವೇನು?

ಹಾಸನದಿಂದ:
ನಮ್ಮ ತಂದೆಯವರೂ ಇದೇ ಮಾತು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮನ ಕುಟುಂಬ ಪಿಂಚಣಿ ನಿಂತುಹೋಯಿತು. ಕಾರಣ ಇಷ್ಟೇ: ಸೇನೆಯ ದಾಖಲೆಯಲ್ಲಿ ಅಮ್ಮ 'ಲಕ್ಷ್ಮಿ', ಆಧಾರ್‌ನಲ್ಲಿ 'ಲಕ್ಷ್ಮಮ್ಮ'. ಯಾವ ಬಾಗಿಲು ತಟ್ಟಬೇಕೆಂದೇ ತಿಳಿಯಲಿಲ್ಲ. ಸಂಘದ ಹಿರಿಯರೊಬ್ಬರು, ನಿವೃತ್ತ ಸುಬೇದಾರರು, ಮನೆಗೇ ಬಂದರು. ಜಗಲಿಯ ಮೇಲೆ ಕುಳಿತು ಡಿಸ್ಚಾರ್ಜ್ ಪುಸ್ತಕ, ಪಿಪಿಓ (ಪಿಂಚಣಿ ಪಾವತಿ ಆದೇಶ), ಮರಣ ಪತ್ರ, ಎಲ್ಲವನ್ನೂ ಮಂಡಿಯ ಮೇಲೆ ಒಂದೊಂದಾಗಿ ಜೋಡಿಸಿಕೊಂಡು ಓದಿದರು. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಸೇನೆಯ ರೆಕಾರ್ಡ್ಸ್ ಕಚೇರಿಗೆ ಕಳುಹಿಸಿ ಎಂದರು. ಸಂಘಕ್ಕೆ ಸಹಿ ಹಾಕುವ ಅಧಿಕಾರವಿಲ್ಲ, ಆದರೆ ಯಾರ ಸಹಿ ಬೇಕೆಂದು ಅವರಿಗೆ ಗೊತ್ತು. ನಿಮ್ಮ ತಂದೆ ಇರುವಾಗಲೇ ಅಮ್ಮನ ಹೆಸರು, ಹುಟ್ಟಿದ ದಿನಾಂಕ ನೋಡಿಕೊಳ್ಳಿ. ಅವರು ಸ್ವತಃ ಅರ್ಜಿ ಕೊಟ್ಟರೆ ಅರ್ಧ ಓಡಾಟ ತಪ್ಪುತ್ತದೆ.

ನಿವೃತ್ತ ನಾಯಬ್ ಸುಬೇದಾರ್, ಬೆಂಗಳೂರು:
ನಮ್ಮ ಗ್ರೂಪ್‌ನಲ್ಲಿ ಕನ್ನಡಿಗ, ತೆಲುಗ, ಮಲಯಾಳಿ, ತಮಿಳ ಎಲ್ಲರೂ 'ತಂಬಿ'ಗಳೇ (ತಮಿಳಿನಲ್ಲಿ ತಮ್ಮ). ಊರಿಗೆ ಬಂದ ಮೇಲೆ ಹಾಗೆ ಕರೆಯುವವರು ಯಾರಿದ್ದಾರೆ? 1780ರ ಸೆಪ್ಟೆಂಬರ್ 30 ನಮ್ಮ ಗ್ರೂಪ್ ಹುಟ್ಟಿದ ದಿನ. ಆ ದಿನ ಹಳಬರು ಸೇರಿದಾಗ ಸುಬೇದಾರ್ ಸುಬ್ರಮಣಿಯನ್ ಅವರ ಮಾತು ಬಾರದೆ ಇರುವುದಿಲ್ಲ. 1944ರ ಫೆಬ್ರುವರಿಯಲ್ಲಿ ಇಟಲಿಯ ಮಿನ್ಯಾನೋದಲ್ಲಿ ನೆಲಬಾಂಬ್ ಸಿಡಿಯುವ ಮುನ್ನ ಅದರ ಮೇಲೆ ತಾವೇ ಬಿದ್ದು ಜೊತೆಗಾರರನ್ನು ಉಳಿಸಿದವರು, ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪಡೆದವರು. ಇದನ್ನು ಈಗಿನ ಹುಡುಗರು ನಮ್ಮ ಬಾಯಿಂದ ಕೇಳಬೇಕು ಎನ್ನುವುದು ನನ್ನ ಆಸೆ. ನಿಮ್ಮ ತಮ್ಮನಿಗೆ ಇನ್ನೊಂದು ಲಾಭವಿದೆ. ಡೋಜರ್ ಓಡಿಸುವುದು, ಸೇತುವೆ ಕಟ್ಟುವುದು ಕಲಿತವನಿಗೆ ಹೊರಗೆ ಎಲ್ಲಿ ಕೆಲಸವಿದೆ, ಯಾವ ಪ್ರಮಾಣಪತ್ರವನ್ನು ಸೇವೆಯಲ್ಲಿರುವಾಗಲೇ ಪಡೆಯಬೇಕು ಎಂದು ಮೊದಲು ಹೊರಬಂದವರು ಹೇಳುತ್ತಾರೆ. ನನಗೆ ಹೇಳುವವರಿರಲಿಲ್ಲ, ಎರಡು ವರ್ಷ ಕಾವಲುಗಾರನಾಗಿ ದುಡಿದೆ.

ಮಡಿಕೇರಿಯಿಂದ:
ಸೇರಿ, ಆದರೆ ನೋಂದಣಿ, ವಾರ್ಷಿಕ ಲೆಕ್ಕಪತ್ರ ಎರಡನ್ನೂ ಕೇಳಿ. ಮಾಜಿ ಸೈನಿಕರ ಹೆಸರಿನಲ್ಲಿ ನಿವೇಶನಕ್ಕೆಂದು ಹಣ ಎತ್ತಿದ ಒಂದು ಗುಂಪಿಗೆ ನಮ್ಮ ಮಾವ ಕೊಟ್ಟದ್ದು ಇಂದಿಗೂ ಹಿಂದಿರುಗಿಲ್ಲ.

ಕೇಳಿದವರು:
ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಟ್ರಂಕ್‌ನಿಂದ ಡಿಸ್ಚಾರ್ಜ್ ಪುಸ್ತಕ ತೆಗೆದೆವು. ಅಮ್ಮನ ಹುಟ್ಟಿದ ವರ್ಷ ಆಧಾರ್‌ನಲ್ಲಿರುವುದಕ್ಕಿಂತ ಮೂರು ವರ್ಷ ಹಿಂದಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸೋಮವಾರ ಜಿಲ್ಲಾ ಕಚೇರಿಗೆ ಹೊರಟಿದ್ದೇವೆ.