ಬದಿಯಡ್ಕದ ಅಂಗಳಕ್ಕೆ ಯಾವ ನೇರಳೆ ಡೇಲಿಲಿ?

ಪ್ರಶ್ನೆ (ಬದಿಯಡ್ಕ):
ಅಂಗಳದ ಬದಿಗೆ ಹೊಸ ಹೂವಿನ ಪಾತಿ ಮಾಡಿದ್ದೇನೆ. ಹಳದಿ ಡೇಲಿಲಿ ಇದೆ, ಜೊತೆಗೆ ನೇರಳೆ ಬೇಕು. ಬೆಳಗ್ಗೆ ಒಳ್ಳೆ ಬಿಸಿಲು, ಮಧ್ಯಾಹ್ನದ ಮೇಲೆ ಕಂಗಿನ ನೆರಳು. ಮಣ್ಣು ನಮ್ಮ ಮಾಮೂಲಿ ಮುರಕಲ್ಲಿನ ಕೆಂಪು ಮಣ್ಣು. ಆನ್‌ಲೈನ್ ಚಿತ್ರಗಳಲ್ಲಿ ಕೆಲವು ನೀಲಿಯೂ ಕಾಣುತ್ತವೆ! ನಂಬಬಹುದಾ?

ಉತ್ತರ (ಪೆರ್ಲ):
ನೀಲಿ ಚಿತ್ರ ಕಂಡರೆ ಆ ಅಂಗಡಿಯನ್ನೇ ಬಿಟ್ಟುಬಿಡಿ. ಅಪ್ಪಟ ನೀಲಿ ಡೇಲಿಲಿ ಇಲ್ಲವೇ ಇಲ್ಲ. ನಿಮ್ಮ ಜಾಗ ಒಳ್ಳೆಯದೇ. ಕಡು ಬಣ್ಣದ ಎಸಳು ಶಾಖ ಜಾಸ್ತಿ ಹೀರುತ್ತದೆ. ಉರಿಬಿಸಿಲಿದ್ದರೆ ಮಧ್ಯಾಹ್ನದೊಳಗೆ ಬಣ್ಣ ಮಾಸಿ, ಒದ್ದೆ ಕಾಗದದ ಹಾಗೆ ಮುದುಡುತ್ತದೆ. ಹೇಗೂ ಒಂದು ಹೂವಿಗೆ ಒಂದೇ ದಿನದ ಆಯುಷ್ಯ, ಅದೂ ಅರ್ಧ ದಿನ ಆದರೆ ಬೇಜಾರಲ್ವಾ?
ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಎವರ್‌ಗ್ರೀನ್ (ವರ್ಷವಿಡೀ ಎಲೆ ಹಸಿರಾಗಿರುವ ಬಗೆ) ಅಥವಾ ಅರೆ ಎವರ್‌ಗ್ರೀನ್ ಹೌದೋ ಅಂತ ಕೇಳಿ. ಎಲೆ ಒಣಗಿ ನಿದ್ದೆಗೆ ಹೋಗುವ ಡಾರ್ಮೆಂಟ್ ಬಗೆಗೆ ಚಳಿಗಾಲ ಬೇಕು, ನಮ್ಮಲ್ಲಿ ಅದೆಲ್ಲಿದೆ? ನೇರಳೆ ತಳಿಗಳಲ್ಲಿ ‘ಲಿಟಲ್ ಗ್ರೇಪೆಟ್’ ಗಿಡ್ಡ, ಪಾತಿಯ ಅಂಚಿಗೆ ಸರಿ. ‘ಬೆಲಾ ಲುಗೋಸಿ’ ಎತ್ತರ, ದೊಡ್ಡ ಹೂ, ಹೂವಿನ ಒಳಮಧ್ಯ (ಗಂಟಲು) ಹಸಿರು. ಎರಡೂ ಅರೆ ಎವರ್‌ಗ್ರೀನ್. ನನ್ನ ಓಟು ಲುಗೋಸಿಗೆ.

ಉತ್ತರ (ಕುಂಬಳೆ):
ಬಣ್ಣ ಇರಲಿ, ಮೊದಲು ಆಟಿಯ ಮಳೆ ನೆನಪಿಡಿ ಮಾರಾಯ್ರೆ. ಪಾತಿಯನ್ನು ಗೇಣೆತ್ತರ ಏರಿಸಿ, ಮರಳು, ಹಟ್ಟಿಗೊಬ್ಬರ ಸೇರಿಸಿ. ನೀರು ನಿಂತರೆ ಬುಡ ಕೊಳೆಯುತ್ತದೆ. ಎಲೆ ಬೇರು ಕೂಡುವ ಜಾಗ ಮಣ್ಣಿನಡಿ ಒಂದಿಂಚಿಗಿಂತ ಆಳ ಹೋಗಬಾರದು. ಮನೆಯಲ್ಲಿ ಬೆಕ್ಕು ಉಂಟಾ? ಅದಕ್ಕೆ ಈ ಗಿಡ ವಿಷ.

ಪ್ರಶ್ನೆ ಕೇಳಿದವರು:
ಬೆಕ್ಕು ಇಲ್ಲ, ನಾಯಿ ಮಾತ್ರ. ಈಗಲೇ ನೆಡಬಹುದಾ?

ಉತ್ತರ (ಕುಂಬಳೆ):
ಬೇಡ, ನವರಾತ್ರಿ ಕಳೆಯಲಿ.