ಅಜ್ಜಿಯ ಡಿವಿಡಿ ಪ್ಲೇಯರ್‌ನಲ್ಲಿ ವಿಡಿಯೊ ಓಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಚಿಕ್ಕಮಗಳೂರು): ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದೆ. ಆಲ್ದೂರಿನಲ್ಲಿರುವ ಅಜ್ಜಿಗೆ ಮಂಡಿನೋವು, ಈಗ ಹತ್ತೋಕಾಗಲ್ಲ. ಅವರ ಹಳೇ ಡಿವಿಡಿ ಪ್ಲೇಯರಿಗೆ ಪೆನ್‌ಡ್ರೈವ್ ಹಾಕೋ ಜಾಗವಿಲ್ಲ. ಎಂಪಿ4 ಫೈಲುಗಳನ್ನೇ ಡಿಸ್ಕಿಗೆ ಬರ್ನ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಪ್ಲೇಯರಿನಲ್ಲಿ ಇಲ್ಲ. ಅಜ್ಜಿ ಸೆರಗಿನಿಂದ ಡಿಸ್ಕ್ ಒರೆಸಿ ಒರೆಸಿ ಮತ್ತೆ ಹಾಕುತ್ತಿದ್ದರು. ನೋಡಿ ತುಂಬ ಬೇಜಾರಾಯಿತು.

ಉತ್ತರ 1: ಡಿಸ್ಕ್ ಕೆಟ್ಟಿಲ್ಲ ಕಣ್ರೀ. ನೀವು ಮಾಡಿದ್ದು ಡೇಟಾ ಡಿಸ್ಕ್, ಅಂದರೆ ಫೈಲುಗಳನ್ನು ಇದ್ದ ಹಾಗೇ ತುಂಬಿದ ಡಿಸ್ಕ್. ಹಳೇ ಪ್ಲೇಯರಿಗೆ ಡಿವಿಡಿ-ವಿಡಿಯೊ ಬೇಕು. ಅಂದರೆ ವಿಡಿಯೊವನ್ನು ಎಂಪೆಗ್-2 ಅನ್ನೋ ಫಾರ್ಮ್ಯಾಟಿಗೆ ಬದಲಾಯಿಸಿ, ವಿಡಿಯೊ_ಟಿಎಸ್ ಅನ್ನೋ ಫೋಲ್ಡರಿನಲ್ಲಿ ಜೋಡಿಸಿರಬೇಕು. ಡಿವಿಡಿಸ್ಟೈಲರ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಆ ಕೆಲಸವೆಲ್ಲ ಅದೇ ಮಾಡುತ್ತದೆ. ಅದರಲ್ಲಿ ಟಿವಿ ಚಿತ್ರದ ಪದ್ಧತಿ ಕೇಳಿದಾಗ ‘ಪಾಲ್’ ಆರಿಸಿ, ನಮ್ಮ ಕಡೆಯ ಟಿವಿಗೆ ಅದೇ ಸರಿ. 4.7 ಜಿಬಿ ಡಿಸ್ಕಿಗೆ ಸುಮಾರು 2 ಗಂಟೆಯಷ್ಟು ವಿಡಿಯೊ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಚಿತ್ರ ಮಸುಕಾಗುತ್ತದೆ.

ಉತ್ತರ 2 (ಹಾಸನ): ನಾನು ಮದುವೆ ವಿಡಿಯೊ ಮಾಡುವವನು. ಡಿವಿಡಿ-ಆರ್ (ಒಂದೇ ಸಲ ಬರ್ನ್ ಮಾಡಬಹುದಾದ ಡಿಸ್ಕ್) ತಗೊಳ್ಳಿ, ಹಳೇ ಪ್ಲೇಯರಿಗೆ ಅದೇ ಒಗ್ಗುವುದು ಜಾಸ್ತಿ. ಆತುರ ಬೇಡ, 4 ಎಕ್ಸ್ ವೇಗದಲ್ಲಿ ಬರ್ನ್ ಮಾಡಿ. ಕೊನೆಗೆ ಫೈನಲೈಸ್ ಮಾಡೋದು, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಡಿಸ್ಕನ್ನು ಮುಚ್ಚೋದು, ಮರೆಯಬೇಡಿ.

ಪ್ರಶ್ನೆ ಕೇಳಿದವಳು: ಓಡಿತು! ದೀಪ ಕಂಡ ಕೂಡಲೇ ಅಜ್ಜಿ ಟಿವಿಗೇ ಕೈ ಮುಗಿದರು. ಇಬ್ಬರಿಗೂ ತುಂಬ ಥ್ಯಾಂಕ್ಸ್.