ಪದಚರ್ಚೆ: ಆಹಾರ ಪ್ರಶ್ನಾವಳಿಯ ‘ನಿಖರತೆ’ಗೆ ಎರಡು ಪದ ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ. ಪೋಷಣೆಯ ಬಗೆಗಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ‘ಕಳೆದ ವರ್ಷ ಮೊಟ್ಟೆ ಎಷ್ಟು ಸಲ ತಿಂದಿರಿ? ತಿಂಗಳಿಗೊಮ್ಮೆಯಾ, ವಾರಕ್ಕೊಮ್ಮೆಯಾ, ದಿನಾನಾ?’ ಎಂದು ಕೇಳುವ ಪ್ರಶ್ನಾವಳಿ ಇರುತ್ತದಲ್ಲ, ಅದನ್ನು ಎಷ್ಟು ನಂಬಬಹುದು ಎಂಬ ಅಧ್ಯಾಯ. ಮೂಲದಲ್ಲಿ ವ್ಯಾಲಿಡಿಟಿ, ರಿಲಯಬಿಲಿಟಿ ಎರಡೂ ಇವೆ. ಎರಡಕ್ಕೂ ‘ನಿಖರತೆ’ ಹಾಕಿದರೆ ‘ಇದರಲ್ಲಿ ನಿಖರತೆ ಇದೆ, ಆದರೆ ನಿಖರತೆ ಇಲ್ಲ’ ಎಂದಾಗುತ್ತದೆ. ಏನು ಮಾಡಲಿ?

*

ಹಳೇ ಚರ್ಚೆ. ಬಿ.ಎಡ್. ಪುಸ್ತಕ ತೆಗೆದು ನೋಡಿ. ಸಪ್ರಮಾಣತೆ, ವಿಶ್ವಸನೀಯತೆ. ಮುಗೀತು.

*

ಮುಗೀಲಿಲ್ಲ ಸರ್. ಸರಾಸರಿ ಓದುಗನಿಗೆ ಸಪ್ರಮಾಣತೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ‘ಸರಿತನ’ ಅನ್ನಿ. ಅದಕ್ಕೂ ಮೊದಲು ‘ಪ್ರಶ್ನಾವಳಿ’ ಬಿಡಿ, ‘ಕೇಳ್ವಿಹಾಳೆ’ ಅನ್ನಿ. ಹಾಳೆ ಅಪ್ಪಟ ನಮ್ಮದು. ಅಡಿಕೆ ಹಾಳೆಯ ಹಾಳೆಯೇ ಕಾಗದದ ಹಾಳೆಯೂ ಆಯಿತು. ತಮಿಳಿನಲ್ಲಿ ಈಗಲೂ ಪಾಳೈ. ಪಕಾರ ಹಕಾರವಾಯಿತು, ಅಷ್ಟೇ. ಇನ್ನು ‘ಪ್ರಶ್ನಹಾಳೆ’ ಅಂತ ಯಾರೂ ಶುರು ಮಾಡಬೇಡಿ, ಅರಿಸಮಾಸ.

*

ಅಡಿಕೆ ತೋಟದಿಂದ ಸ್ವಲ್ಪ ಈಚೆ ಬನ್ನಿ. ವಿಷಯ ನೋಡದೆ ಪದ ಹೊಲಿಯೋದು ಹೇಗೆ?

ಒಬ್ಬರು ಅದೇ ಪ್ರಶ್ನಾವಳಿಯನ್ನು ಎರಡು ಸಲ ತುಂಬಿ, ಎರಡೂ ಸಲ ಒಂದೇ ಉತ್ತರ ಕೊಟ್ಟರೆ ಅದು ರಿಲಯಬಿಲಿಟಿ. ಉತ್ತರ ನಿಜವೇ ಅನ್ನೋದು ವ್ಯಾಲಿಡಿಟಿ. ಎರಡೂ ಸಲ ಒಂದೇ ತಪ್ಪು ಹೇಳಬಹುದು, ಅಲ್ವಾ? 2003ರಲ್ಲಿ ಪ್ರಕಟವಾದ ಅಮೆರಿಕದ ‘ಓಪನ್’ ಎಂಬ ಹೆಸರಿನ ಅಧ್ಯಯನದಲ್ಲಿ ಇಂಥ ಪ್ರಶ್ನಾವಳಿ ತುಂಬಿದ ಗಂಡಸರು ತಾವು ತಿಂದ ಕ್ಯಾಲೊರಿಯನ್ನು ಶೇ 31ರಿಂದ 36ರಷ್ಟು ಕಡಿಮೆ ಹೇಳಿದ್ದರು. ಹೆಂಗಸರು ಶೇ 34ರಿಂದ 38ರಷ್ಟು. ನಿನ್ನೆ ತಿಂದಿದ್ದನ್ನಷ್ಟೇ ಕೇಳಿದಾಗ ಈ ಖೋತಾ ಅರ್ಧದಷ್ಟು ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ.

ಗೊತ್ತಾಗಿದ್ದು ಹೇಗೆ? ಭಾರದ ಹೈಡ್ರೋಜನ್, ಭಾರದ ಆಕ್ಸಿಜನ್ (ಮಾಮೂಲಿಗಿಂತ ತೂಕ ಹೆಚ್ಚಿರುವ, ಹಾಗಾಗಿ ಗುರುತು ಹಿಡಿಯಬಹುದಾದ ಪರಮಾಣುಗಳು) ಇರುವ ನೀರು ಕುಡಿಸುತ್ತಾರೆ. ಹೈಡ್ರೋಜನ್ ನೀರಾಗಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಮೂತ್ರ ಪರೀಕ್ಷೆ ಮಾಡಿ ಎರಡರ ವ್ಯತ್ಯಾಸ ಹಿಡಿದರೆ ಹೊರಹೋದ ಡೈಆಕ್ಸೈಡ್ ಎಷ್ಟೆಂದು ತಿಳಿಯುತ್ತದೆ, ಅದರಿಂದ ದೇಹ ಖರ್ಚು ಮಾಡಿದ ಶಕ್ತಿಯ ಲೆಕ್ಕ ಸಿಗುತ್ತದೆ. ತೂಕ ಬದಲಾಗದಿದ್ದರೆ, ಖರ್ಚಾದಷ್ಟನ್ನು ತಿಂದಿದ್ದಾರೆ ಎಂದರ್ಥ. ಇಲ್ಲಿ ಯಾರ ನೆನಪನ್ನೂ ನಂಬಬೇಕಿಲ್ಲ. ಪ್ರಶ್ನಾವಳಿಯನ್ನು ಇನ್ನೊಂದು ನೆನಪಿನ ಪರೀಕ್ಷೆ ಜೊತೆ ಹೋಲಿಸಿದರೆ ಎರಡೂ ಒಂದೇ ಕಡೆ ಜಾರುತ್ತವೆ. ನಾವು ಸುಮ್ನೆ ಬೆನ್ನು ತಟ್ಟಿಕೊಳ್ಳುತ್ತೇವೆ.

ಹಾಗಾಗಿ ‘ವಿಶ್ವಸನೀಯತೆ’ ಬೇಡವೇ ಬೇಡ. ಮೂರನೇ ಒಂದು ಭಾಗ ನುಂಗಿಹಾಕುವ ಸಾಧನವನ್ನು ಓದುಗ ನಂಬಿಬಿಡುತ್ತಾನೆ. ‘ಸ್ಥಿರತೆ’ ಸಾಕು.

*

‘ಸ್ಥಿರತೆ’ ಸಂಸ್ಕೃತ. ‘ಒಂದೇಸಮತನ’ ಇರಲಿ.

*

ಒಂದೇಸಮತನದಲ್ಲಿ ‘ಸಮ’ ಯಾರ ಮನೇದು? ನಿಮ್ಮದೇ ಓಲೆಯ ‘ಸರಾಸರಿ’ ಪಾರಸಿಯಿಂದ ಬಂದದ್ದು. ಅದು ಕಣ್ಣಿಗೆ ಬೀಳಲಿಲ್ಲ.

*

ಸರಾಸರಿ ಜನರ ಬಾಯಲ್ಲಿ ಬೆಳೆದ ಪದ. ಸಪ್ರಮಾಣತೆ ಸಮಿತಿಯ ಮೇಜಿನ ಮೇಲೆ ಹುಟ್ಟಿದ್ದು. ವ್ಯತ್ಯಾಸ ಗೊತ್ತಾಗದವರ ಜೊತೆ ವಾದ ಮಾಡಲ್ಲ.

*

ಕೇಳ್ವಿಹಾಳೆ ಯಾರ ಬಾಯಲ್ಲಿ ಬೆಳೆಯಿತು ಸ್ವಾಮಿ?

*

ಎಲ್ಲರಿಗೂ ಥ್ಯಾಂಕ್ಸ್. ಸರಿತನ, ಸ್ಥಿರತೆ ಅಂತ ಹಾಕಿ ಕಳಿಸಿದೆ. ಪ್ರಶ್ನಾವಳಿ ಹಾಗೇ ಇದೆ. ಅಂಡರ್‌ರಿಪೋರ್ಟಿಂಗ್‌ಗೆ ‘ಕಮ್ಮಿ ಹೇಳಿಕೆ’ ಎಂದು ನಾನೇ ಹಾಕಿಕೊಂಡೆ. ಇಲ್ಲಿ ಕೇಳುವಷ್ಟು ಟೈಮ್ ಇರಲಿಲ್ಲ.